‘ಫೋರ್ತ್ ಎಸ್ಟೇಟ್’ ಎಂದರೇನು?

ವೃತ್ತಪತ್ರಿಕೆಗಳ ಬರಹಗಾರರ ಸಮೂಹಕ್ಕೆ ಇಂಗ್ಲಿಷಿನಲ್ಲಿ ‘ಫೋರ್ತ್ ಎಸ್ಟೇಟ್’ ಎಂಬ ಹೆಸರು ಬಹುಕಾಲದಿಂದ ರೂಢಿಯಲ್ಲಿದೆ. ನಮ್ಮ ಮಲೆನಾಡಿನಲ್ಲಿ ಎಸ್ಟೇಟೆಂದರೆ ಕಾಫಿಯ ತೋಟ. ಪತ್ರಿಕಾಕರ್ತರಿಗೆ ಅಂತಹ ತೋಟವೇನೂ ಇಲ್ಲವೆಂಬುದು ವಾಚಕ ಮಹಾಶಯರಿಗೆ ತಿಳಿದೇ ಇದೆ! ಹಾಗಾದರೆ ಈ ಮಾತಿನ ಅರ್ಥವೇನು?

ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳು ಮೂರು, ಪತ್ರಿಕೆಯು ನಾಲ್ಕನೆಯದು ಎಂದು ಸಭೆಗಳಲ್ಲಿ ಎಣಿಸುವುದನ್ನು ನಾವು ಮೇಲಿಂದ ಮೇಲೆ ಕೇಳುತ್ತಿರುವೆವು. ‘ನಾಲ್ಕನೆಯ ಅಂಗ’ ಎಂಬ ಕನ್ನಡದ ಮಾತೂ ಈ ಎಣಿಕೆಯನ್ನೇ ನೆಚ್ಚಿಕೊಂಡಿದೆ. ಆದರೆ ಮೂಲದ ಲೆಕ್ಕವೇ ಬೇರೆ. ರಾಜ್ಯಾಧಿಕಾರವನ್ನು ಆ ರೀತಿ ಮೂರಾಗಿ ವಿಂಗಡಿಸಿ 1748ರಲ್ಲಿ ವಿವರಿಸಿದವನು ಫ್ರಾನ್ಸಿನ ಮಾಂಟೆಸ್ಕ್ಯೂ. ಎಸ್ಟೇಟೆಂಬುದಾದರೋ ಸಮಾಜದ ವರ್ಗಕ್ಕೆ ಇದ್ದ ಹೆಸರು. ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಬಿಷಪ್ಪರು, ಕುಲೀನ ಪ್ರಭುಗಳು, ಸಾಮಾನ್ಯ ಪ್ರಜೆಗಳು ಎಂಬ ಮೂರು ವರ್ಗಗಳಿದ್ದವು. ವರದಿಗಾರರು ಕುಳಿತುಕೊಳ್ಳುವ ಗ್ಯಾಲರಿಯು ನಾಲ್ಕನೆಯದಾಯಿತೆಂದು 1828ರಲ್ಲಿ ಮೆಕಾಲೆಯು ಬರೆದನು. 1841ರಲ್ಲಿ ಅಚ್ಚಾದ ತನ್ನ ಉಪನ್ಯಾಸಗಳಲ್ಲಿ ಕಾರ್ಲೈಲನು ಈ ಮಾತನ್ನು ಬರ್ಕನದೆಂದು ಹೇಳಿದನು. ಬರ್ಕನ ಮುದ್ರಿತ ಭಾಷಣಗಳಲ್ಲಿ ಮಾತ್ರ ಅದು ದೊರೆತಿಲ್ಲ. ಇದಕ್ಕೂ ಹಿಂದೆ, 1752ರಲ್ಲಿ, ಫೀಲ್ಡಿಂಗನು ಇದೇ ಮಾತನ್ನು ಬೀದಿಯ ಜನಜಂಗುಳಿಗೆ ಅನ್ವಯಿಸಿದ್ದನು.

ಈ ಭೇದವು ಕೇವಲ ಪಂಡಿತರ ಚರ್ಚೆಗೆ ಸೇರಿದುದೆಂದು ತಿಳಿಯಲಾಗದು. ಅಂಗವೆಂದೊಡನೆ ಪತ್ರಿಕೆಯು ಸರ್ಕಾರದ ಒಂದು ಭಾಗವಾಗಿಬಿಡುತ್ತದೆ. ಗ್ಯಾಲರಿಯ ವರದಿಗಾರನಿಗೆ ಸಭೆಯಲ್ಲಿ ಮಾತಿಲ್ಲ, ಮತವಿಲ್ಲ. ಕಂಡುದನ್ನು ಹೊರಗಿನ ಜನಕ್ಕೆ ತಿಳಿಸುವುದೊಂದೇ ಅವನ ಬಲ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವೂ ಪತ್ರಿಕಾ ಸ್ವಾತಂತ್ರ್ಯವನ್ನು ಪ್ರತ್ಯೇಕವಾಗಿ ಹೆಸರಿಸಿಲ್ಲ. 19ನೆಯ ಅನುಚ್ಛೇದವು ಪೌರರೆಲ್ಲರಿಗೂ ಕೊಟ್ಟಿರುವ ವಾಕ್ ಸ್ವಾತಂತ್ರ್ಯದಲ್ಲಿಯೇ ಅದು ಅಡಗಿದೆಯೆಂದು ಸುಪ್ರೀಂ ಕೋರ್ಟು ಅದೇ ವರ್ಷ ತೀರ್ಪಿತ್ತಿತು. ಅಂದಮೇಲೆ ಸಂಪಾದಕನ ಹಕ್ಕೂ, ಮನೆಯಲ್ಲಿ ಪತ್ರಿಕೆಯನ್ನು ಬಿಡಿಸಿ ಓದುವ ಗೃಹಿಣಿಯ ಹಕ್ಕೂ ಒಂದೇ. ಒಬ್ಬರ ಬಾಯಿ ಕಟ್ಟಿದರೆ ಇಬ್ಬರಿಗೂ ನಷ್ಟ.

ಆದುದರಿಂದ ಈ ಮಾತನ್ನು ಬಳಸುವವರಲ್ಲಿ ನಮ್ಮ ಬಿನ್ನಹವಿಷ್ಟೆ: ಒಬ್ಬ ಲೇಖಕನನ್ನು ‘ಫೋರ್ತ್ ಎಸ್ಟೇಟ್’ ಎಂದು ಕರೆಯಬಾರದು, ಅದು ಇಡೀ ಪತ್ರಿಕಾವರ್ಗದ ಹೆಸರು. ಆ ವರ್ಗವನ್ನು ಸರ್ಕಾರದ ಸಾಲಿನಲ್ಲಿ ಎಣಿಸಲೂ ಬಾರದು. ಅದರ ಪೀಠವಿರುವುದು ಪ್ರಜೆಗಳಾದ ನಮ್ಮ ಪಕ್ಕದಲ್ಲಿ.