ಮಂಡಿ ಲೆಕ್ಕ ಬಲ್ಲವರಿಗೆ ಕೋಡಿಂಗ್ ಸಂದರ್ಶನ

"ಇರೋ ಕೆಲ್ಸ ಬುಟ್ಟು ಇದ್ಯಾಕಪ್ಪ ಈಗ?"

ಗುಂಡ್ಲುಪೇಟೆ ಕಡೆಯ ಮನೆಗಳಲ್ಲಿ ಮೂವತ್ತರ ಆಸುಪಾಸಿನ ಮಗನೋ ಮಗಳೋ ಕೋಡಿಂಗ್ ಕಲಿಯಲು ಹೋಗುತ್ತೇನೆ ಎಂದರೆ ಮೊದಲು ಎದುರಾಗುವ ಮಾತು ಇದು. ಬೂಟ್‌ಕ್ಯಾಂಪಿನ ಪ್ರವೇಶ ಸಂದರ್ಶನದಲ್ಲೂ ಬಹುಮಟ್ಟಿಗೆ ಇದನ್ನೇ ಕೇಳುತ್ತಾರೆ. ಮನೆಯ ಹಿರಿಯರು ತಲೆದೂಗುವಂತೆ ಇದಕ್ಕೆ ಉತ್ತರ ಕೊಡಲು ಬಂದರೆ ಸಂದರ್ಶನದ ಅರ್ಧ ತಯಾರಿ ಆದಂತೆಯೇ. ನಮ್ಮ ಕಡೆಯ ಹುಡುಗ ಹುಡುಗಿಯರು ಎಡವುವುದೂ ಇಲ್ಲಿಯೇ. ತರಕಾರಿ ಮಂಡಿಯಲ್ಲಿ ಗುಮಾಸ್ತಿಕೆ, ಔಷಧಿ ಅಂಗಡಿಯಲ್ಲಿ ಲೆಕ್ಕ, ಖಾಸಗಿ ಶಾಲೆಯಲ್ಲಿ ಪಾಠ, ನಂಜನಗೂಡಿನ ಕಾರ್ಖಾನೆಯಲ್ಲಿ ಪಾಳಿ, ಹೀಗೆ ಏಳೆಂಟು ವರ್ಷ ದುಡಿದವರು ಸಂದರ್ಶನಕ್ಕೆ ಕೂತ ಕೂಡಲೇ ಅದನ್ನೆಲ್ಲ ಮುಚ್ಚಿಡಲು ನೋಡುತ್ತಾರೆ. ದಯವಿಟ್ಟು ಮುಚ್ಚಿಡಬೇಡಿ. ನಿಮ್ಮ ಬಳಿ ಇರುವ ಗಟ್ಟಿ ಸರಕು ಅದೇ.

ಬೂಟ್‌ಕ್ಯಾಂಪ್ ಎಂದರೆ ಪದವಿಯ ಗೊಡವೆಯಿಲ್ಲದೆ ಕೆಲವು ತಿಂಗಳಲ್ಲಿ ಕೋಡ್ ಬರೆಯಲು ತಯಾರು ಮಾಡುವ ಕಡು ತರಬೇತಿ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಂಭವಾದ ಡೆವ್ ಬೂಟ್‌ಕ್ಯಾಂಪ್ ಈ ಮಾದರಿಗೆ ಹೆಸರು ತಂದಿತು. ಐದು ವರ್ಷದಲ್ಲಿ ಅದೇ ಮುಚ್ಚಿಯೂ ಹೋಯಿತು. ನಮ್ಮಲ್ಲಿ 2016ರಲ್ಲಿ ಹುಟ್ಟಿದ ನವಗುರುಕುಲ ಬಡ ಮನೆಗಳ ಯುವಜನರಿಗೆ ಉಳಿಯಲು ಜಾಗ ಕೊಟ್ಟು, ಶುಲ್ಕವಿಲ್ಲದೆ ಕಲಿಸುತ್ತ ಬಂದಿದೆ. 2019ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮಸಾಯ್ ಸ್ಕೂಲ್ "ಕೆಲಸ ಸಿಕ್ಕ ಮೇಲೆ ಶುಲ್ಕ" ಎಂಬ ಒಪ್ಪಂದವನ್ನು ಜನರಿಗೆ ಪರಿಚಯಿಸಿತು. ಪುಕ್ಕಟೆ ಕಲಿಸುವವರಿಗಾಗಲಿ, ಆಮೇಲೆ ಹಣ ಪಡೆಯುವವರಿಗಾಗಲಿ ಒಂದು ಚಿಂತೆ ಇದ್ದೇ ಇರುತ್ತದೆ: ಈ ಅಭ್ಯರ್ಥಿ ನಡುವೆ ಬಿಟ್ಟುಹೋದರೆ? ಸಂದರ್ಶನ ಇಟ್ಟಿರುವುದೇ ಅದನ್ನು ಅಳೆಯಲು.

ಹಾಗಾಗಿ ನಿಮಗೆ ಎಷ್ಟು ಕೋಡಿಂಗ್ ಗೊತ್ತು ಎನ್ನುವುದಕ್ಕಿಂತ ಎಷ್ಟು ಬೇಗ ಕಲಿಯಬಲ್ಲಿರಿ ಎಂಬುದರ ಮೇಲೆ ಅವರ ಕಣ್ಣು. ಗುಂಡ್ಲುಪೇಟೆಯಿಂದ ಅರವತ್ತು ಕಿಲೋಮೀಟರಿನಷ್ಟು ದೂರದ ಮೈಸೂರಿನಲ್ಲಿ ದೊಡ್ಡ ತರಬೇತಿ ಕೇಂದ್ರ ಕಟ್ಟಿರುವ ಇನ್ಫೋಸಿಸ್, ಹೊಸಬರನ್ನು ಆರಿಸುವಾಗ ಕಲಿಯುವ ಸಾಮರ್ಥ್ಯವನ್ನೇ ಮುಖ್ಯ ಅಳತೆಗೋಲು ಮಾಡಿಕೊಂಡ ಕಂಪನಿ. ತಮಿಳುನಾಡಿನ ತೆಂಕಾಸಿಯಂಥ ಊರಿಗೆ ಸಾಫ್ಟ್‌ವೇರ್ ಕೆಲಸ ಒಯ್ದ ಜೋಹೋ ಕಂಪನಿ ಎರಡು ದಶಕಗಳಿಂದ ತನ್ನದೇ ಶಾಲೆ ನಡೆಸುತ್ತಿದೆ. ಪಿಯುಸಿ ಮಟ್ಟದಲ್ಲೇ ಮಕ್ಕಳನ್ನು ಆರಿಸಿ, ಸ್ಟೈಪೆಂಡ್ ಕೊಟ್ಟು ಕಲಿಸುತ್ತದೆ. ಎಂಜಿನಿಯರಿಂಗ್ ಪದವಿ ಇಲ್ಲದೆಯೂ ಒಳ್ಳೆಯ ಪ್ರೋಗ್ರಾಮರ್ ಆಗಬಹುದು ಎನ್ನುವುದು ಈಗ ವಾದದ ವಿಷಯವಾಗಿ ಉಳಿದಿಲ್ಲ.

ಇನ್ನು ಸಂದರ್ಶನದ ಒಳಗೆ ಹೋಗೋಣ. ತೆರಕಣಾಂಬಿಯ ತರಕಾರಿ ಮಂಡಿಯಲ್ಲಿ ಲೆಕ್ಕ ಬರೆಯುವವರೊಬ್ಬರು ಲ್ಯಾಪ್‌ಟಾಪ್ ಮುಂದೆ ಕೂತಿದ್ದಾರೆ ಎಂದುಕೊಳ್ಳಿ. ಆ ಕಡೆಯಿಂದ ಪ್ರಶ್ನೆ: "ಅಂಕಿಗಳ ಒಂದು ಪಟ್ಟಿ ಕೊಟ್ಟರೆ ಅದರಲ್ಲಿ ಅತಿ ದೊಡ್ಡದನ್ನು ಹೇಗೆ ಹುಡುಕುತ್ತೀರಿ?" ಎದೆ ಝಲ್ಲೆನ್ನುತ್ತದೆ. ಆದರೆ ದಿನವೂ ಮಾಡುವ ಕೆಲಸವೇ ಇದು. ಟೊಮೆಟೊ ಚೀಟಿಗಳ ಕಟ್ಟು ಕೈಯಲ್ಲಿದೆ: 42 ಕ್ರೇಟು, 17, 65, 30, ಮತ್ತೊಂದು 65. ಈ ದಿನ ಹೆಚ್ಚು ಮಾಲು ಹಾಕಿದ ರೈತ ಯಾರು? ಮೊದಲ ಚೀಟಿಯನ್ನು ಎಡಗೈಯಲ್ಲಿ ಇಟ್ಟುಕೊಳ್ಳುತ್ತೇವೆ. ಉಳಿದವನ್ನು ಒಂದೊಂದಾಗಿ ತಿರುವುತ್ತ, ಎಡಗೈಯಲ್ಲಿರುವುದಕ್ಕಿಂತ ದೊಡ್ಡದು ಬಂದರೆ ಬದಲಾಯಿಸುತ್ತೇವೆ. ಕಟ್ಟು ಮುಗಿದಾಗ ಎಡಗೈಯಲ್ಲಿ ಉಳಿದದ್ದೇ ಉತ್ತರ. ಎಡಗೈಗೆ ಪ್ರೋಗ್ರಾಮಿಂಗಿನಲ್ಲಿ ವೇರಿಯಬಲ್ ಎನ್ನುತ್ತಾರೆ, ಒಂದೊಂದಾಗಿ ತಿರುವುವುದಕ್ಕೆ ಲೂಪ್, "ದೊಡ್ಡದು ಬಂದರೆ" ಎನ್ನುವುದಕ್ಕೆ ಕಂಡಿಷನ್.

ಅಷ್ಟಕ್ಕೆ ಪ್ರಶ್ನೆ ನಿಲ್ಲುವುದಿಲ್ಲ. ಒಳ್ಳೆಯ ಸಂದರ್ಶಕ ಕೆಣಕುತ್ತಾರೆ. ಎರಡು ಚೀಟಿಯಲ್ಲಿ 65 ಇದೆಯಲ್ಲ, ಯಾರ ಹೆಸರು ಹೇಳುತ್ತೀರಿ? ಕಟ್ಟಿನಲ್ಲಿ ಒಂದೂ ಚೀಟಿ ಇಲ್ಲದಿದ್ದರೆ? ಮಳೆಗೆ ನೆನೆದು ಅಂಕಿ ಅಳಿಸಿಹೋದ ಚೀಟಿ ಸಿಕ್ಕರೆ? ಕಾಲೇಜಿನಿಂದ ನೇರ ಬಂದವರು ತಡವರಿಸುವುದು ಇಂಥ ಕಡೆ. ಮಂಡಿಯವರಿಗೆ ಅಳಿಸಿದ ಚೀಟಿ ನಿತ್ಯದ ಪಾಡು. ಅದನ್ನು ಸೊನ್ನೆ ಎಂದು ಬರೆದುಕೊಂಡರೆ ರೈತನಿಗೆ ಅನ್ಯಾಯ, ಅಂದಾಜಿಗೆ ಬರೆದರೆ ಮಾಲೀಕರಿಗೆ ನಷ್ಟ, ಆದ್ದರಿಂದ ಬೇರೆ ಎತ್ತಿಟ್ಟು ರೈತನಿಗೆ ಫೋನ್ ಮಾಡಿ ಕೇಳಬೇಕು. ಈ ಮಾತನ್ನು ಹೀಗೆಯೇ ಹೇಳಿ. ತಪ್ಪು ಮಾಹಿತಿ ಬಂದಾಗ ಸುಮ್ಮನೆ ನುಂಗದೆ ಬೇರೆ ತೆಗೆದಿಟ್ಟು ವರದಿ ಮಾಡಬೇಕು ಎಂಬುದನ್ನು ಸಾಫ್ಟ್‌ವೇರ್ ಕಂಪನಿಗಳು ಹೊಸಬರಿಗೆ ವರ್ಷಗಟ್ಟಲೆ ಕಲಿಸುತ್ತವೆ. ನೀವು ಅದನ್ನು ಕಲಿತೇ ಬಂದಿದ್ದೀರಿ.

ಬಾಯಿಬಿಟ್ಟು ಯೋಚಿಸುವುದನ್ನು ರೂಢಿ ಮಾಡಿಕೊಳ್ಳಬೇಕು. ನಮ್ಮ ಶಾಲೆಗಳಲ್ಲಿ ಉತ್ತರ ಗೊತ್ತಿದ್ದರೆ ಹೇಳು, ಇಲ್ಲದಿದ್ದರೆ ಸುಮ್ಮನಿರು ಎಂದು ಬೆಳೆಸಿದ್ದಾರೆ. ಈ ಸಂದರ್ಶನದಲ್ಲಿ ಸುಮ್ಮನಿದ್ದರೆ ಕೆಟ್ಟಂತೆ. "ಇದು ಸರಿಯಾಗುತ್ತೋ ಇಲ್ಲವೋ ನೋಡ್ತೀನಿ, ಮೂರು ಅಂಕಿ ಹಾಕಿ ಪರೀಕ್ಷೆ ಮಾಡ್ತೀನಿ" ಎಂದು ಹೇಳುತ್ತ ಹೋಗುವವರು ನಡುವೆ ತಪ್ಪಿದರೂ ಸಂದರ್ಶಕರಿಗೆ ಇಷ್ಟವಾಗುತ್ತಾರೆ. ಮೊದಲು ಕನ್ನಡದಲ್ಲೇ, ತಂಗಿಗೋ ಗೆಳೆಯನಿಗೋ ವಿವರಿಸಿ ನೋಡಿ. ವಿವರಣೆ ಕನ್ನಡದಲ್ಲೇ ತೊಡಕಿದರೆ ತೊಡಕು ಇರುವುದು ಯೋಚನೆಯಲ್ಲಿ, ಇಂಗ್ಲಿಷಿನಲ್ಲಲ್ಲ. ಅದು ತಿಳಿಯಾದ ಮೇಲೆ ಅದನ್ನೇ ಸರಳ ಇಂಗ್ಲಿಷಿಗೆ ತನ್ನಿ. ಸಣ್ಣ ವಾಕ್ಯ ಸಾಕು. ಇಂಗ್ಲಿಷ್ ತಡವರಿಸಿದ್ದಕ್ಕೆ ನಾಚಿಕೊಳ್ಳಬೇಕಾಗಿಲ್ಲ. ಪ್ರಶ್ನೆ ಅರ್ಥವಾಗದೆ ಅರ್ಥವಾದಂತೆ ತಲೆಯಾಡಿಸುವುದು ಮಾತ್ರ ಅಪಾಯ.

ಕಲಿಯಲು ದುಡ್ಡು ಸುರಿಯಬೇಕಿಲ್ಲ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಹಲವು ಪಾಠಗಳು ಕನ್ನಡ ಧ್ವನಿಯಲ್ಲೂ ಸಿಗುತ್ತವೆ. ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡ್, ಫ್ರೀಕೋಡ್‌ಕ್ಯಾಂಪ್ ಎಂಬ ಕಲಿಕೆಯ ಜಾಲತಾಣಗಳೆರಡೂ ಉಚಿತ. ಫ್ರೀಕೋಡ್‌ಕ್ಯಾಂಪನ್ನು 2014ರಲ್ಲಿ ಕಟ್ಟಿದ ಕ್ವಿನ್ಸಿ ಲಾರ್ಸನ್ ಅದಕ್ಕೂ ಮುಂಚೆ ಶಾಲೆ ನಡೆಸುತ್ತಿದ್ದವರು, ಮೂವತ್ತು ದಾಟುವ ಹೊತ್ತಿಗೆ ಕೋಡಿಂಗ್ ಕಲಿತವರು. ಇಂಥ ಕಡೆ ಒಂದೆರಡು ತಿಂಗಳು ಬೆಳಗ್ಗೆಯೋ ರಾತ್ರಿಯೋ ಕೂತವರಿಗೆ ಎರಡು ಲಾಭ. ಈ ಕೆಲಸ ತಮಗೆ ಒಗ್ಗುತ್ತದೆಯೇ ಎಂಬುದು ತಿಳಿಯುತ್ತದೆ, "ಯಾಕೆ ಬದಲಾಗುತ್ತೀರಿ?" ಎಂಬ ಪ್ರಶ್ನೆಗೆ ತೋರಿಸಲು ಏನಾದರೂ ಇರುತ್ತದೆ. ಐಟಿಯಲ್ಲಿ ಸಂಬಳ ಜಾಸ್ತಿ ಎನ್ನುವುದು ಸುಳ್ಳಲ್ಲ, ಹೇಳಲು ಸಂಕೋಚವೂ ಬೇಡ. ಆದರೆ ಅಷ್ಟನ್ನೇ ಎಲ್ಲರೂ ಹೇಳುತ್ತಾರೆ. "ಚೆಂಡು ಹೂವಿನ ಹಂಗಾಮಿನಲ್ಲಿ ರೈತರ ಲೆಕ್ಕ ತಡವಾಗುತ್ತಿತ್ತು, ಅದನ್ನು ಎಕ್ಸೆಲ್‌ಗೆ ಹಾಕಿದೆ, ಅಲ್ಲಿ ಸೂತ್ರ ಬರೆಯುವಾಗ ಈ ಹುಚ್ಚು ಹತ್ತಿತು" ಎಂದವರನ್ನು ಯಾರೂ ಮರೆಯುವುದಿಲ್ಲ, ಅದು ನಿಜವಾಗಿದ್ದರೆ. ಕಟ್ಟಿದ ಕಥೆ ಎರಡನೇ ಪ್ರಶ್ನೆಗೇ ಕುಸಿಯುತ್ತದೆ.

ಕೋಡಿಂಗ್ ಸಂದರ್ಶನಗಳಲ್ಲಿ ಕೇಳುವ ಫಿಜ್‌ಬಜ್ ಎಂಬ ಹಳೆಯ ಲೆಕ್ಕವೊಂದಿದೆ, ಅದನ್ನೂ ಮಾಡಿಟ್ಟುಕೊಳ್ಳಿ. 1ರಿಂದ 100ರವರೆಗೆ ಬರೆಯುತ್ತ ಹೋಗಬೇಕು. 3ರಿಂದ ಭಾಗವಾದರೆ ಅಂಕಿಯ ಬದಲು ಒಂದು ಪದ, 5ರಿಂದ ಭಾಗವಾದರೆ ಇನ್ನೊಂದು, ಎರಡರಿಂದಲೂ ಭಾಗವಾದರೆ ಎರಡೂ ಪದ. ಎರಡರಿಂದಲೂ ಭಾಗವಾಗುತ್ತದೆಯೇ ಎಂದು ಮೊದಲು ನೋಡದವರ ಪ್ರೋಗ್ರಾಮು ಸಾಮಾನ್ಯವಾಗಿ 15ರಲ್ಲಿ ಮುಗ್ಗರಿಸುತ್ತದೆ.

ಬಹುತೇಕ ಸಂದರ್ಶನ ಈಗ ವಿಡಿಯೊ ಕರೆಯಲ್ಲಿ. ಕಾಡಂಚಿನ ಊರುಗಳಲ್ಲಿ ನೆಟ್‌ವರ್ಕ್ ಹೋಗಿ ಬಂದು ಮಾಡುತ್ತದೆ, ಕರೆಂಟು ಹೋಗುವ ಹೊತ್ತು ನಿಮಗೇ ಗೊತ್ತು. ಆ ದಿನ ಗುಂಡ್ಲುಪೇಟೆಯಲ್ಲೋ ಮೈಸೂರಿನಲ್ಲೋ ನೆಂಟರ ಮನೆಯ ಒಂದು ಕೋಣೆ ಕೇಳಿಕೊಳ್ಳಿ, ಇನ್ನೊಂದು ಕಂಪನಿಯ ಸಿಮ್ ಇಟ್ಟುಕೊಳ್ಳಿ. ಕರೆ ಕಡಿದರೆ ಯಾವ ನಂಬರಿಗೆ ಫೋನ್ ಮಾಡಬೇಕು ಎಂದು ಆರಂಭದಲ್ಲೇ ಕೇಳಿ.

ಕಾಲ ಮೊದಲಿನಷ್ಟು ಸಲೀಸಾಗಿಲ್ಲ ಎಂಬುದನ್ನೂ ಹೇಳಲೇಬೇಕು. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಸರಳ ಕೋಡನ್ನು ಯಂತ್ರವೇ ಬರೆದುಕೊಡುತ್ತಿದೆ. ವಿಶ್ವವಿದ್ಯಾಲಯಗಳ ಹೆಸರಿನಲ್ಲಿ ಬೂಟ್‌ಕ್ಯಾಂಪ್ ನಡೆಸುತ್ತಿದ್ದ ಅಮೆರಿಕದ 2ಯು ಕಂಪನಿ 2024ರ ಡಿಸೆಂಬರಿನಲ್ಲಿ ಅವನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಹಾಗಾಗಿ ಸಂದರ್ಶನದಲ್ಲಿ ನೀವೂ ಪ್ರಶ್ನೆ ಕೇಳಬೇಕು. ಹೆಣ್ಣಿನ ಕಡೆಯವರು ಗಂಡಿನ ಮನೆಯ ಬಗ್ಗೆ ನಾಲ್ಕು ಕಡೆ ವಿಚಾರಿಸುವಷ್ಟು ಎಚ್ಚರ ಇಲ್ಲೂ ಇರಲಿ. ಹೋದ ತಂಡದಲ್ಲಿ ಸೇರಿದವರೆಷ್ಟು, ಮುಗಿಸಿದವರೆಷ್ಟು, ಕೆಲಸ ಸಿಕ್ಕವರೆಷ್ಟು? ಶೇಕಡಾವಾರು ಹೇಳಿದರೆ ಯಾವುದರ ಶೇಕಡಾ ಎಂದು ಕೇಳಿ. ಅಮೆರಿಕದ ಬ್ಲೂಮ್‌ಟೆಕ್ ಎಂಬ ಬೂಟ್‌ಕ್ಯಾಂಪ್ (ಹಿಂದಿನ ಹೆಸರು ಲ್ಯಾಂಬ್ಡಾ ಸ್ಕೂಲ್) ಶೇ 71ರಿಂದ 86ರಷ್ಟು ವಿದ್ಯಾರ್ಥಿಗಳಿಗೆ ಕೆಲಸ ಸಿಗುತ್ತದೆ ಎಂದು ಜಾಹೀರಾತು ಕೊಡುತ್ತಿತ್ತು. ಅದರ ಒಳಲೆಕ್ಕದಲ್ಲಿ ಇದ್ದದ್ದು ಶೇ 50ರ ಆಸುಪಾಸು, ಕೆಲವೊಮ್ಮೆ 30ರವರೆಗೂ ಇಳಿದಿತ್ತು ಎಂದು ಅಲ್ಲಿನ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ 2024ರ ಏಪ್ರಿಲಿನಲ್ಲಿ ಹೇಳಿ, ಸಾಲ ಕೊಡುವುದರಿಂದಲೇ ಆ ಕಂಪನಿಯನ್ನು ನಿಷೇಧಿಸಿತು. "ಸಾಲವಲ್ಲ, ಕೆಲಸ ಸಿಕ್ಕರೆ ಕೊಡಿ" ಎಂದು ನಂಬಿಸಿದ್ದು ವಾಸ್ತವದಲ್ಲಿ ಸಾಲವೇ ಆಗಿತ್ತು.

ನಿಮ್ಮ ಒಪ್ಪಂದದ ಕಾಗದವನ್ನು ಮನೆಗೆ ತಂದು ಓದಿ. ಹಣ ಕೊಡಬೇಕಾದ್ದು ಸಂಸ್ಥೆಗೋ ಸಾಲದ ಕಂಪನಿಗೋ, ಎಷ್ಟು ಸಂಬಳಕ್ಕೆ ಕಂತು ಶುರುವಾಗುತ್ತದೆ, ಐಟಿ ಬಿಟ್ಟು ಬೇರೆ ಕೆಲಸ ಸಿಕ್ಕರೂ ಕಟ್ಟಬೇಕೇ, ಅಮ್ಮನಿಗೆ ಹುಷಾರಿಲ್ಲ ಎಂದು ನಡುವೆ ಬಿಟ್ಟರೆ ಎಷ್ಟು ಕಟ್ಟಬೇಕು, ಇಷ್ಟೂ ಅದರಲ್ಲಿ ಬರೆದಿರಬೇಕು. ಬಾಯಿಮಾತಿನ ಭರವಸೆಯನ್ನು ಇಮೇಲಿನಲ್ಲಿ ಕಳಿಸಿ ಎನ್ನಿ. "ಇವತ್ತೇ ಕಟ್ಟಿ, ಸೀಟು ಹೋಗುತ್ತೆ" ಎಂದು ಅವಸರಪಡಿಸುವ ಕಡೆಯಿಂದ ಎದ್ದು ಬನ್ನಿ. ಮೋಸ ಹೋದೆ ಅನ್ನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಇಷ್ಟೆಲ್ಲ ಖಾತ್ರಿಯಾಗಿ, ಪ್ರವೇಶದ ಪತ್ರ ಕೈಗೆ ಬರುವವರೆಗೂ ಮಂಡಿ ಮಾಲೀಕರಿಗೆ ಕೆಲಸ ಬಿಡುವ ಮಾತು ಹೇಳಬೇಡಿ.