ಹಾಲು ಒಗ್ಗದವರಿಗೆ ಮೊಸರು ಒಗ್ಗುವುದೇಕೆ?

ಒಂದು ಲೋಟ ಹಾಲು ಕುಡಿದ ಒಂದೆರಡು ಗಂಟೆಗಳಲ್ಲಿ ಹೊಟ್ಟೆಯುಬ್ಬರ, ಗುಡುಗುಡು ಸದ್ದು, ಕೆಲವೊಮ್ಮೆ ಭೇದಿ. ಇವುಗಳಿಂದ ಬಳಲುವವರು ನಮ್ಮಲ್ಲಿ ಅನೇಕರಿದ್ದಾರೆ. ವಿದ್ಯಾರ್ಥಿಯು ಇದನ್ನು ಹೇಳಿಕೊಳ್ಳಲು ನಾಚುತ್ತಾನೆ. ಮನೆಯ ಹಿರಿಯರಾದರೋ ಹಾಲು ಅಮೃತಸಮಾನವೆಂದು ಒತ್ತಾಯಿಸುತ್ತಾರೆ. ಆದರೆ ಅದೇ ಹುಡುಗ ಮಧ್ಯಾಹ್ನ ಮೊಸರನ್ನವನ್ನುಂಡು ಸುಖವಾಗಿರುತ್ತಾನೆ. ಮೊಸರೂ ಹಾಲಿನಿಂದಲೇ ಆದದ್ದಲ್ಲವೆ? ಇದರ ಮರ್ಮವನ್ನು ವಿಚಾರಿಸೋಣ.

ಹಾಲಿನ ಸಿಹಿಗೆ ಕಾರಣವಾದ ಸಕ್ಕರೆಗೆ ಲ್ಯಾಕ್ಟೋಸ್ ಎಂದು ಹೆಸರು. ಹಸುವಿನ ಹಾಲಿನಲ್ಲಿ ಇದು ನೂರಕ್ಕೆ ಸುಮಾರು 5 ಭಾಗ; 200 ಮಿಲಿಲೀಟರ್ ಹಾಲಿನಲ್ಲಿ ಸುಮಾರು 10 ಗ್ರಾಂ. ಗ್ಲೂಕೋಸ್, ಗ್ಯಾಲಕ್ಟೋಸ್ ಎಂಬ ಎರಡು ಸಕ್ಕರೆಗಳ ಈ ಜೋಡಿಯು ಬೇರ್ಪಡದೆ ರಕ್ತವನ್ನು ಸೇರಲಾರದು. ಬೇರ್ಪಡಿಸುವ ಕೆಲಸ ಸಣ್ಣ ಕರುಳಿನ ಒಳಗೋಡೆಯಲ್ಲಿರುವ ಲ್ಯಾಕ್ಟೇಸ್ ಎಂಬ ಕಿಣ್ವದ್ದು. ಎಳೆಗೂಸಿನಲ್ಲಿ ಧಾರಾಳವಾಗಿರುವ ಈ ಕಿಣ್ವವು ಮೊಲೆ ಬಿಟ್ಟ ಮೇಲೆ ಕ್ರಮೇಣ ಕುಗ್ಗುತ್ತದೆ. ಸ್ತನಿಗಳ ಸಾಮಾನ್ಯ ನಿಯಮವೇ ಇದು. ಲೋಕದ ವಯಸ್ಕರಲ್ಲಿ ಸುಮಾರು ಮೂವರಲ್ಲಿ ಇಬ್ಬರು ಈ ನಿಯಮಕ್ಕೆ ಒಳಪಟ್ಟವರು. ಆದುದರಿಂದ ಹಾಲು ಒಗ್ಗದಿರುವುದನ್ನು ರೋಗವೆನ್ನುವುದಕ್ಕಿಂತ ಒಗ್ಗುವುದನ್ನೇ ವಿಶೇಷವೆನ್ನುವುದು ನ್ಯಾಯ. ಆ ವಿಶೇಷಕ್ಕೆ ಕಾರಣವಾದ ಆನುವಂಶಿಕ ಬದಲಾವಣೆಯೊಂದನ್ನು 2002ರಲ್ಲಿ ಫಿನ್‌ಲೆಂಡಿನ ಕುಟುಂಬಗಳಲ್ಲಿ ಗುರುತಿಸಲಾಯಿತು. ಭಾರತದಲ್ಲಿ ಅದು ವಾಯವ್ಯ ಭಾಗದಲ್ಲಿ ಹೆಚ್ಚು; ದಕ್ಷಿಣದಲ್ಲಿಯೂ ಪೂರ್ವದಲ್ಲಿಯೂ ಕಡಮೆ.

ಕಿಣ್ವವು ಸಾಲದಾದಾಗ ಲ್ಯಾಕ್ಟೋಸ್ ಹಾಗೆಯೇ ದೊಡ್ಡ ಕರುಳಿಗಿಳಿಯುತ್ತದೆ. ನೀರನ್ನು ತನ್ನತ್ತ ಸೆಳೆಯುತ್ತದೆ. ಅಲ್ಲಿ ಕಾದಿರುವ ಬ್ಯಾಕ್ಟೀರಿಯಗಳು ಅದನ್ನು ಹುದುಗಿಸಿ ಹೈಡ್ರೊಜನ್ ಮೊದಲಾದ ಅನಿಲಗಳನ್ನು ಹುಟ್ಟಿಸುತ್ತವೆ. ಈ ಹೈಡ್ರೊಜನ್ನಿನ ಒಂದಂಶ ರಕ್ತವನ್ನು ಸೇರಿ ಉಸಿರಿನಲ್ಲಿ ಹೊರಬೀಳುವುದರಿಂದ, ಉಸಿರನ್ನು ಪರೀಕ್ಷಿಸಿಯೇ ವೈದ್ಯರು ಈ ಕೊರತೆಯನ್ನು ಪತ್ತೆಮಾಡಬಲ್ಲರು.

ಇನ್ನು ಮೊಸರಿನ ವಿಷಯ. ಹೆಪ್ಪಿನ ಬ್ಯಾಕ್ಟೀರಿಯಗಳು ಲ್ಯಾಕ್ಟೋಸನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಆಮ್ಲದಿಂದ ಹಾಲಿನ ಕೇಸೀನ್ ಎಂಬ ಪ್ರೋಟೀನು ಗಟ್ಟಿಯಾಗುತ್ತದೆ. ಮೊಸರಿನಲ್ಲಿ ಸಕ್ಕರೆಯೇ ಉಳಿಯದೆಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ, ಹೆಚ್ಚಿನ ಪಾಲು ಉಳಿದೇ ಇರುತ್ತದೆ. ಹಾಗಾದರೆ ತೊಂದರೆ ಏಕಿಲ್ಲ? 1984ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಪ್ರಯೋಗವು ಉತ್ತರ ಕೊಟ್ಟಿತು. ಮೊಸರಿನ ಮೂಲಕ 18 ಗ್ರಾಂ ಲ್ಯಾಕ್ಟೋಸ್ ಸೇವಿಸಿದವರ ಉಸಿರಿನಲ್ಲಿ, ಅಷ್ಟೇ ಲ್ಯಾಕ್ಟೋಸನ್ನು ಹಾಲಿನಲ್ಲಿ ಸೇವಿಸಿದಾಗ ಕಂಡದ್ದರ ಸುಮಾರು ಮೂರನೆಯ ಒಂದು ಭಾಗದಷ್ಟೇ ಹೈಡ್ರೊಜನ್ ಕಂಡಿತು. ಮೊಸರಿನ ಬ್ಯಾಕ್ಟೀರಿಯಗಳ ಒಡಲಲ್ಲಿಯೇ ಲ್ಯಾಕ್ಟೋಸನ್ನು ಒಡೆಯುವ ಕಿಣ್ವವಿದೆ. ಅವು ಜಠರದ ಆಮ್ಲವನ್ನು ದಾಟಿ ಸಣ್ಣ ಕರುಳನ್ನು ತಲುಪಿ, ನಮ್ಮಲ್ಲಿಲ್ಲದ ಕಿಣ್ವದ ಕೆಲಸವನ್ನು ತಾವು ಮಾಡಿಕೊಡುತ್ತವೆ. ಗಟ್ಟಿ ಮೊಸರು ಹಾಲಿಗಿಂತ ನಿಧಾನವಾಗಿ ಜಠರದಿಂದ ಇಳಿಯುವುದೂ ಇದಕ್ಕೆ ಸಹಾಯಕ.

ಕಾಯಿಸಿದರೆ ಈ ಉಪಕಾರ ಕುಂದುತ್ತದೆ. ಕುದಿಸಿದ ಮಜ್ಜಿಗೆಹುಳಿಯಿಂದ ತಣ್ಣನೆಯ ಮಜ್ಜಿಗೆಯ ಫಲವನ್ನು ನಿರೀಕ್ಷಿಸಲಾಗದು. ಮನೆಮನೆಯ ಹೆಪ್ಪಿನಲ್ಲಿ ಬ್ಯಾಕ್ಟೀರಿಯಗಳು ಬೇರೆ ಬೇರೆಯಾಗಿರುವುದರಿಂದ ಎಲ್ಲ ಮೊಸರೂ ಒಂದೇ ಸಮನಾಗಿ ಒಗ್ಗದೆಯೂ ಇರಬಹುದು.

ಪ್ರಯೋಗಕ್ಕೆ ತೊಡಗುವ ಮೊದಲು ಒಂದು ಭೇದವನ್ನು ಸ್ಪಷ್ಟವಾಗಿ ಅರಿಯಬೇಕು. ಹಾಲು ತಾಕಿದೊಡನೆ ಮೈಯಲ್ಲಿ ದದ್ದು, ತುಟಿಯ ಬಾವು, ಉಸಿರುಕಟ್ಟುವಿಕೆ ಉಂಟಾಗುವವರಿಗೆ ಇರುವುದು ಅಲರ್ಜಿ. ಅದಕ್ಕೆ ಕಾರಣ ಸಕ್ಕರೆಯಲ್ಲ, ಪ್ರೋಟೀನು. ಹುದುಗಿದ ಮಾತ್ರಕ್ಕೆ ಪ್ರೋಟೀನು ನಾಶವಾಗದು. ಅಂಥವರು ವೈದ್ಯರ ಅಪ್ಪಣೆಯಿಲ್ಲದೆ ಒಂದು ಚಮಚ ಮೊಸರನ್ನೂ ಪರೀಕ್ಷಿಸಕೂಡದು, ಪ್ರಾಣಾಪಾಯವುಂಟು.

ಉಳಿದವರು ಕೆಲವು ದಿನ ಹಾಲನ್ನು ಬಿಟ್ಟು, ಹೊಟ್ಟೆ ತಹಬಂದಿಗೆ ಬಂದ ಮೇಲೆ ಎರಡು ಮೂರು ಚಮಚ ಮೊಸರನ್ನು ಅನ್ನದೊಡನೆ ಸೇವಿಸಿ ನೋಡಬಹುದು. ಬರಿ ಹೊಟ್ಟೆಯಲ್ಲಿ ಬೇಡ. ಒಗ್ಗಿದರೆ ಮೆಲ್ಲಮೆಲ್ಲನೆ ಹೆಚ್ಚಿಸಬಹುದು. ನೀರು ಬೆರೆತ ಮಜ್ಜಿಗೆಯಲ್ಲಿ ಲೋಟಕ್ಕೆ ಲ್ಯಾಕ್ಟೋಸ್ ಇನ್ನೂ ಕಡಮೆ. ತುಪ್ಪದಲ್ಲಿ ಇಲ್ಲವೆಂದೇ ಹೇಳಬೇಕು. ಇಡ್ಲಿ ದೋಸೆಗಳೂ ಹುದುಗಿದ ಆಹಾರಗಳೇ, ಆದರೆ ಅವುಗಳ ಹಿಟ್ಟಿನಲ್ಲಿ ಹಾಲಿನ ಸೋಂಕಿಲ್ಲ. ಅವನ್ನು ತಿಂದಾಗಲೂ ಹೊಟ್ಟೆ ಕೆಡುವುದಾದರೆ ತಪ್ಪನ್ನು ಲ್ಯಾಕ್ಟೋಸಿನ ಮೇಲೆ ಹೊರಿಸದೆ ವೈದ್ಯರನ್ನು ಕಾಣುವುದು ಮೇಲು.

ಮೊಸರೂ ಒಗ್ಗದವರು ಬೆಳೆಯುವ ವಯಸ್ಸಿನಲ್ಲಿ ಸುಣ್ಣದಂಶವನ್ನು ಬೇರೆಡೆ ಹುಡುಕಬೇಕಾಗುತ್ತದೆ. ಈ ವಿಷಯದಲ್ಲಿ ಕನ್ನಡನಾಡಿನವರು ಅದೃಷ್ಟವಂತರು: 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ ಇದೆ.