ಗಾಜಿನ ತೊಟ್ಟಿಯೊಳಗೊಂದು ಹಳ್ಳ

ಸಂಘದ ಕಚೇರಿಗೆ ಬರುವ ಸದಸ್ಯ ಬಾಂಧವರು ಈಗೀಗ ಧಾರಣೆ ಪಟ್ಟಿ ನೋಡುವ ಮೊದಲು ಗೋಡೆ ಬದಿಯ ಗಾಜಿನ ತೊಟ್ಟಿಯ ಮುಂದೆ ನಿಲ್ಲುತ್ತಾರೆ. ಧಾರಣೆ ಇಳಿದ ದಿನ ಸ್ವಲ್ಪ ಹೆಚ್ಚು ಹೊತ್ತೇ ನಿಲ್ಲುತ್ತಾರೆ. "ಏನು ಸೆಕ್ರೆಟರಿಗಳೇ, ಅಡಿಕೆ ಬಿಟ್ಟು ಮೀನು ಸಾಕಲು ಹೊರಟಿರಾ?" ಎಂದು ಹಿರಿಯ ಸದಸ್ಯರೊಬ್ಬರು ಕೇಳಿದ್ದೂ ಉಂಟು. ಅವರಿಗೆ ಅಂದು ಹೇಳಲಾಗದೆ ಉಳಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ನಮ್ಮ ತಪ್ಪುಗಳನ್ನೇ ಹೇಳಿಬಿಡುವುದು ಒಳ್ಳೆಯದು. ನಾವು ತೊಟ್ಟಿಯನ್ನು ಮೊದಲು ಇಟ್ಟದ್ದು ಮನೆಯ ಜಗಲಿಯಲ್ಲಿ. ಪೇಟೆಯ ಅಂಗಡಿಯಲ್ಲಿ ಕಣ್ಣಿಗೆ ಚೆಂದ ಕಂಡ ಮೀನುಗಳನ್ನೆಲ್ಲ ತಂದು ಅದೇ ದಿನ ಬಿಟ್ಟೆವು. ಟೈಗರ್ ಬಾರ್ಬ್‌ಗಳು ಏಂಜೆಲ್ ಮೀನಿನ ಉದ್ದನೆಯ ರೆಕ್ಕೆಗಳನ್ನು ಕಚ್ಚಿ ಹರಿದವು. ಗೋಲ್ಡ್ ಫಿಶ್‌ಗಳು ನೆಟ್ಟ ಗಿಡಗಳನ್ನು ಕಿತ್ತು ತೇಲಿಸಿದವು. ಕಾಫಿ, ಮೆಣಸು, ಕಿತ್ತಳೆಗಳನ್ನು ಒಂದೇ ತೋಟದಲ್ಲಿ ಹೊಂದಿಸುವಾಗ ಯಾವುದಕ್ಕೆ ಎಷ್ಟು ಜಾಗ, ಎಷ್ಟು ನೆರಳು ಎಂದು ಲೆಕ್ಕ ಹಾಕುವ ನಾವು ಮೀನಿನ ವಿಷಯದಲ್ಲಿ ಆ ಲೆಕ್ಕವನ್ನೇ ಮರೆತಿದ್ದೆವು.

ಎರಡನೆಯ ತಪ್ಪು ಇನ್ನೂ ದೊಡ್ಡದು. ಮಳೆಗಾಲದ ಒಂದು ಸಂಜೆ ನೀರು ಬದಲಿಸಲು ಕೈಗೆ ಸಿಕ್ಕ ಬಕೆಟ್ ಬಳಸಿದೆವು. ಬೆಳಗಾಗುವಷ್ಟರಲ್ಲಿ ಉಳಿದ ಮೀನುಗಳೆಲ್ಲ ಮೇಲೆ ತೇಲುತ್ತಿದ್ದವು. ಬಕೆಟಿನ ತಳ ನೋಡಿದರೆ ನೀಲಿ ಬಣ್ಣದ ಹಕ್ಕಳೆ. ಅದು ಮೈಲುತುತ್ತ ಕರಗಿಸುವ ಬಕೆಟ್.

ಇದರ ಲೆಕ್ಕ ಬೆಳೆಗಾರರಿಗೆ ಕಷ್ಟವಲ್ಲ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತದ ತೂಕದಲ್ಲಿ ಕಾಲು ಭಾಗ ತಾಮ್ರ. 100 ಲೀಟರಿನ ತೊಟ್ಟಿಯಲ್ಲಿ ಒಂದೇ ಒಂದು ಗ್ರಾಂ ಮೈಲುತುತ್ತ ಕರಗಿದರೂ ಲೀಟರಿಗೆ ಎರಡೂವರೆ ಮಿಲಿಗ್ರಾಂ ತಾಮ್ರವಾಯಿತು. ಸುಣ್ಣದ ಅಂಶ ಕಡಿಮೆಯಿರುವ ನಮ್ಮ ಮಲೆನಾಡಿನ ಮೃದು ನೀರಿನಲ್ಲಿ ಅದರ ಹತ್ತನೇ ಒಂದು ಪಾಲೇ ಸಣ್ಣ ಮೀನುಗಳ ಪ್ರಾಣ ತೆಗೆಯಬಲ್ಲದು. ತಾಮ್ರ ಕಿವಿರುಗಳನ್ನು ಕೆಡಿಸುತ್ತದೆ.

ಆಮೇಲೆ ನಿಧಾನವಾಗಿ, ಕ್ರಮವಾಗಿ ಹೊಸದಾಗಿ ತೊಡಗಿದೆವು. ಆಸಕ್ತಿಯಿರುವವರಿಗೆ ಆ ಕ್ರಮ ಹೀಗಿದೆ.

ತೊಟ್ಟಿ 3 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಎತ್ತರವಿರಲಿ. ಮರಳು ಹಾಕಿದ ಮೇಲೆ ಸುಮಾರು 100 ಲೀಟರ್ ನೀರು ಹಿಡಿಯುತ್ತದೆ. ತುಂಬಿದಾಗ ಒಂದು ಕ್ವಿಂಟಾಲಿಗೂ ಮೇಲೆ ಭಾರ. ಆದ್ದರಿಂದ ಗಟ್ಟಿಯಾದ, ಮಟ್ಟಸವಾದ ಮೇಜೇ ಆಗಬೇಕು. ನೇರ ಬಿಸಿಲು ಬೀಳುವ ಕಡೆ ಇಟ್ಟರೆ ಪಾಚಿ ಕಟ್ಟುತ್ತದೆ. ತಳಕ್ಕೆ ಚೆನ್ನಾಗಿ ತೊಳೆದ ದಪ್ಪ ಮರಳನ್ನು ಎರಡು ಮೂರು ಅಂಗುಲ ಹಾಕಿ. ಫಲವತ್ತಾಗಿದೆಯೆಂದು ಅಡಿಕೆ ತೋಟದ ಮಣ್ಣು ಮಾತ್ರ ಬೇಡ. ವರ್ಷಗಟ್ಟಲೆ ಹೊಡೆದ ಔಷಧಿಯ ತಾಮ್ರ ಅದರಲ್ಲಿ ಕೂತಿರುತ್ತದೆ.

ಗಿಡಗಳಲ್ಲಿ ಹುಲ್ಲಿನಂಥ ಎಲೆಯ ವ್ಯಾಲಿಸ್ನೇರಿಯ, ಹೈಡ್ರಿಲ್ಲ ಎರಡೂ ಸುಲಭ. ನೀರುಬ್ರಾಹ್ಮಿಯೂ ನಿಧಾನವಾಗಿ ಹೊಂದಿಕೊಳ್ಳುತ್ತದೆ. ದಿನಕ್ಕೆ ಎಂಟು ಗಂಟೆ ದೀಪದ ಬೆಳಕು ಸಾಕು. ನೆರಳು ಹೆಚ್ಚಾದರೆ ಗಿಡ ಸೊರಗುತ್ತದೆ, ಬೆಳಕು ಹೆಚ್ಚಾದರೆ ಪಾಚಿ ಗೆಲ್ಲುತ್ತದೆ. ಈ ಹದ ಕಾಫಿ ಬೆಳೆಯುವವರಿಗೆ ಹೊಸತಲ್ಲ.

ಗಿಡ ನೆಟ್ಟು, ಸ್ಪಂಜಿನ ಫಿಲ್ಟರ್ ಓಡಿಸಿ, ಒಂದು ತಿಂಗಳಾದರೂ ಕಾಯಬೇಕು. ಎಲ್ಲಕ್ಕಿಂತ ಕಷ್ಟದ ಕೆಲಸ ಇದೇ. ಮೀನಿನ ಹಿಕ್ಕೆಯಿಂದಲೂ ಉಳಿದ ಆಹಾರದಿಂದಲೂ ಅಮೋನಿಯ ಹುಟ್ಟುತ್ತದೆ; ಅದು ವಿಷ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿ, ಅನಂತರ ನೈಟ್ರೇಟ್ ಆಗಿ ಬದಲಿಸುತ್ತವೆ. ಕೊನೆಯದು ಗಿಡಕ್ಕೆ ಗೊಬ್ಬರ. ಈ ಜೀವಿಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅವಕ್ಕೆ ಊಟವಾಗಲೆಂದು ಆ ದಿನಗಳಲ್ಲೂ ಚಿಟಿಕೆ ಮೀನಿನ ಆಹಾರ ಹಾಕುತ್ತಿರಬೇಕು. ಗೊಬ್ಬರ ಗುಂಡಿ ಹದವಾಗುವ ಮೊದಲು ಬುಡಕ್ಕೆ ಹಾಕುವವರುಂಟೆ?

ಮೀನುಗಳ ಆಯ್ಕೆಯಲ್ಲಿ ನೀರಿನ ಮೂರು ಅಂತಸ್ತುಗಳನ್ನು ನೆನಪಿಡಿ. ಮೇಲಿನ ಅಂತಸ್ತಿಗೆ ಎಂಟು ಜೀಬ್ರಾ ಡ್ಯಾನಿಯೊ, ನಡುವೆ ಆರು ಮೆಲನ್ ಬಾರ್ಬ್, ತಳದಲ್ಲಿ ಮರಳು ಕೆದಕುವ ನಾಲ್ಕು ಸಣ್ಣ ಲೋಚ್ ಮೀನು. ಎಲ್ಲವೂ ಅಂಗೈಗಿಂತ ಚಿಕ್ಕವು, ಒಂದೇ ಬಗೆಯ ನೀರಿಗೆ ಒಗ್ಗುವಂಥವು, ಗುಂಪಿನಲ್ಲಿದ್ದರೆ ನೆಮ್ಮದಿಯಾಗಿರುವಂಥವು. ಒಂದೇ ದಿನ ಎಲ್ಲವನ್ನೂ ಬಿಡದೆ ವಾರಕ್ಕೊಂದು ಗುಂಪು ಬಿಡಿ. ಮುಚ್ಚಳ ಮರೆಯಬೇಡಿ, ಡ್ಯಾನಿಯೊ ಜಿಗಿಯುತ್ತದೆ.

ಮೆಲನ್ ಬಾರ್ಬ್ ನಮ್ಮ ಪಶ್ಚಿಮ ಘಟ್ಟದ ಹಳ್ಳಗಳದ್ದೇ ಮೀನು. ಜೀಬ್ರಾ ಡ್ಯಾನಿಯೊಗೆ ಶಾಸ್ತ್ರೀಯ ಹೆಸರಿಟ್ಟದ್ದು 1822ರಲ್ಲಿ, ಫ್ರಾನ್ಸಿಸ್ ಹ್ಯಾಮಿಲ್ಟನ್ ಎಂಬುವರು. ಇವರೇ ಫ್ರಾನ್ಸಿಸ್ ಬುಕಾನನ್ ಎಂಬ ಹೆಸರಿನಲ್ಲಿ 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಸುತ್ತಿ ನಮ್ಮ ಅಡಿಕೆ ತೋಟಗಳ ಬೇಸಾಯವನ್ನು ವಿವರವಾಗಿ ಬರೆದವರು. ಅಡಿಕೆಯನ್ನೂ ಮೀನನ್ನೂ ಒಟ್ಟಿಗೆ ನೋಡಿದ ಮೊದಲಿಗರು ನಾವಲ್ಲವೆಂದು ಸಮಾಧಾನ.

ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾವಣೆ. ನಲ್ಲಿ ನೀರಾದರೆ ಒಂದು ದಿನ ತೆರೆದಿಟ್ಟು ಕ್ಲೋರಿನ್ ಹೋಗಲು ಬಿಡಿ. ಮಳೆಗಾಲದಲ್ಲಿ ಮೂರು ದಿನ ಕರೆಂಟು ಇಲ್ಲವಾದರೆ ಆಹಾರ ನಿಲ್ಲಿಸಿ, ಚೆಂಬಿನಲ್ಲಿ ನೀರೆತ್ತಿ ಮೇಲಿನಿಂದ ಸುರಿಯುತ್ತಿರಿ. ಸಾಕಾದ ಮೀನನ್ನಾಗಲಿ ಹೆಚ್ಚಾದ ಗಿಡವನ್ನಾಗಲಿ ಹಳ್ಳಕ್ಕೆ ಬಿಡಬೇಡಿ. ಹೊರಗಿನಿಂದ ಬಂದವು ಊರಿನವನ್ನು ಓಡಿಸುತ್ತವೆ.

ಇನ್ನು ಉಳಿದ ಉತ್ತರ. ಆ ಬೆಳಿಗ್ಗೆ ಸತ್ತ ಮೀನುಗಳನ್ನು ಆಯುವಾಗ ನಮಗೆ ತೋಟದ ಕೆಳಗಿನ ಹಳ್ಳ ನೆನಪಾಯಿತು. ಚಿಕ್ಕಂದಿನಲ್ಲಿ ಅಲ್ಲಿ ಕಾಲಿಟ್ಟು ನಿಂತರೆ ಮೀನುಮರಿಗಳು ಬೆರಳುಗಳನ್ನು ಕಚ್ಚುತ್ತಿದ್ದವು. ಈಗ ಅಷ್ಟಿಲ್ಲ. ಕಾರಣಗಳು ಹಲವಿರಬಹುದು. ಆದರೆ ಔಷಧಿ ಹೊಡೆದ ಸಂಜೆ ಡ್ರಮ್ಮು, ಪಂಪು, ಬಕೆಟುಗಳನ್ನು ಅದೇ ಹಳ್ಳದಲ್ಲಿ ತೊಳೆದವರು ಯಾರು? ನಾವೇ, ಮೂವತ್ತು ಮಳೆಗಾಲ. ಕೊಳೆರೋಗಕ್ಕೆ ಬೋರ್ಡೋ ಬೇಕೇ ಬೇಕು. ಅದನ್ನು ಬಿಡಿ ಎಂದು ಅಡಿಕೆ ಬೆಳೆಯುವ ಯಾರೂ ಹೇಳಲಾರರು. ತೊಳೆಯುವ ಜಾಗವನ್ನು ಬದಲಿಸುವುದು ಮಾತ್ರ ನಮ್ಮ ಕೈಯಲ್ಲಿದೆ. ಅಂದಂದಿಗೆ ಬೇಕಾದಷ್ಟೇ ದ್ರಾವಣ ಮಾಡಿ, ಉಳಿದದ್ದನ್ನು ಮರಕ್ಕೇ ಹೊಡೆದು, ತೊಳೆದ ನೀರನ್ನು ಹಳ್ಳದಿಂದ ದೂರ ತೋಟದೊಳಗೇ ಚೆಲ್ಲಿದರಾಯಿತು.

ಪಲ್ಪರ್ ನೀರಿನದ್ದೂ ಇದೇ ಕಥೆ. ಅದರಲ್ಲಿರುವ ಸಿಹಿ ಲೋಳೆ ಹಳ್ಳದಲ್ಲಿ ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ನುಂಗುತ್ತದೆ. ಕೊಯ್ಲಿನ ಕಾಲಕ್ಕೆ ಹಳ್ಳ ಬಡಕಲಾಗಿರುತ್ತದೆ. ಮೀನಿಗೆ ಓಡಲು ಜಾಗವಿಲ್ಲ. ಹೊಂಡದಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ತಗ್ಗಿಸಿ, ತಿಳಿಯಾಗಲು ಬಿಡುವುದಕ್ಕೆ ಖರ್ಚಿದೆ, ನಿಜ. ಆದರೆ ಕೆಳಗಿನ ತೋಟದವರು ಕುಡಿಯುವುದೂ ಅದೇ ನೀರನ್ನು.

ಕಚೇರಿಯಲ್ಲಿ ತೊಟ್ಟಿ ಇಟ್ಟಿರುವುದು ಇದನ್ನು ಮರೆಯದಿರಲು. ವ್ಯಾಲಿಸ್ನೇರಿಯ ಈಗ ಮರಿ ಒಡೆದು ತುಂಬಿಕೊಂಡಿದೆ. ಬೇಕಾದ ಸದಸ್ಯರು ಬಂದು ಸಸಿ ಒಯ್ಯಬಹುದು, ಹಣ ಕೊಡಬೇಕಿಲ್ಲ. ಮೈಲುತುತ್ತ ಕಾಣದ ಪಾತ್ರೆಯೊಂದನ್ನು ಮಾತ್ರ ಮನೆಯಿಂದಲೇ ತನ್ನಿ.